ಹೆಸರು, ವಿಳಾಸ ಮತ್ತು ನೆನಪು: ಕಚೇರಿ ಜಾಲದಲ್ಲಿ ಸರ್ವರ್ ಬದಲಾದ ಅನಂತರದ ನಾಮಶೋಧನೆ

ಪ್ರವೇಶ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದ ಸುತ್ತಲಿನ ಪ್ರದೇಶವನ್ನು ಜನರು ಇಂದಿಗೂ ‘ಮೆಜೆಸ್ಟಿಕ್’ ಎಂದೇ ಕರೆಯುತ್ತಾರೆ. ಆ ಹೆಸರಿಗೆ ಕಾರಣವಾದ ಚಿತ್ರಮಂದಿರ ಈಗ ಅಲ್ಲಿ ಇಲ್ಲ. ನಿಲ್ದಾಣ ನಿಂತಿರುವ ನೆಲವಾದರೂ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಹೆಸರಿನ ಮೂಲವಸ್ತು ಕಣ್ಮರೆಯಾದರೂ ಹೆಸರು ಉಳಿಯಿತು. ಅದು ಸೂಚಿಸುವ ವಸ್ತು ಮಾತ್ರ ಬದಲಾಯಿತು. ಆದರೂ ಬಸ್ಸಿನ ನಿರ್ವಾಹಕನಿಂದ ಹಿಡಿದು ದೂರದ ಹಳ್ಳಿಯಿಂದ ಬಂದ ಪ್ರಯಾಣಿಕನವರೆಗೆ ಯಾರೂ ದಾರಿ ತಪ್ಪುವುದಿಲ್ಲ. ಬದಲಾದ ಅರ್ಥವನ್ನು ಸಮುದಾಯವು ಬಾಯಿಂದ ಬಾಯಿಗೆ ದಾಟಿಸಿ ಒಪ್ಪಿಕೊಂಡಿರುವುದೇ ಇದಕ್ಕೆ ಕಾರಣ.

ಗಣಕಯಂತ್ರಗಳ ಜಾಲದಲ್ಲಿ ಇಂತಹ ಸಮ್ಮತಿ ತಾನಾಗಿ ಏರ್ಪಡುವುದಿಲ್ಲ. ಕಚೇರಿಯೊಂದರಲ್ಲಿ ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸಿದಾಗ, ಹಳೆಯ ಹೆಸರು ಮತ್ತು ಹಳೆಯ ವಿಳಾಸಗಳ ನೆನಪು ಹತ್ತಾರು ಕಡೆ ಬೇರೆ ಬೇರೆಯಾಗಿ ಉಳಿದಿರುತ್ತದೆ. ಒಂದೊಂದು ನೆನಪಿನ ಆಯಸ್ಸೂ ಬೇರೆ. ಹೀಗಾಗಿ ಕಡತಗಳೆಲ್ಲ ಸುರಕ್ಷಿತವಾಗಿದ್ದರೂ ‘ಸಿಗುತ್ತಿಲ್ಲ’ ಎಂಬ ದೂರು ಕೇಳಿಬರುತ್ತದೆ. ಹೆಸರಿನಿಂದ ವಿಳಾಸವನ್ನು ಕಂಡುಕೊಳ್ಳುವ ಕ್ರಿಯೆಯನ್ನು ಇಲ್ಲಿ ‘ನಾಮಶೋಧನೆ’ ಎಂದು ಕರೆಯಲಾಗಿದೆ. ನಾಮಶೋಧನೆ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮವನ್ನು ವಿವರಿಸುವುದು, ಆ ಕ್ರಮವನ್ನು ಒಂದು ವೃತ್ತಿಜ್ಞಾನವಾಗಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಜಾನಪದ ಧ್ವನಿಮುದ್ರಣಗಳನ್ನೂ ಹಸ್ತಪ್ರತಿಗಳ ಪ್ರತಿಬಿಂಬಗಳನ್ನೂ ಗಣಕಗಳಲ್ಲಿ ಕಾಪಾಡುತ್ತಿರುವ ಗ್ರಂಥಾಲಯಗಳಿಗೆ ಈ ವಿಷಯ ಹೊರಗಿನದಲ್ಲ.

ಹೆಸರಿನ ವ್ಯವಸ್ಥೆಯ ಹಿನ್ನೆಲೆ

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ 192.168.1.10 ಎಂಬಂತಹ ಒಂದು ಸಂಖ್ಯಾವಿಳಾಸವಿರುತ್ತದೆ. ಯಂತ್ರಗಳು ಪರಸ್ಪರ ವ್ಯವಹರಿಸುವುದು ಸಂಖ್ಯೆಗಳ ಮೂಲಕ. ಮನುಷ್ಯರು ನೆನಪಿಡುವುದು ಹೆಸರುಗಳನ್ನು. ಇವೆರಡರ ನಡುವೆ ದುಭಾಷಿಯಾಗಿ ಒಂದು ವ್ಯವಸ್ಥೆ ಬೇಕಾಗುತ್ತದೆ.

ಅಂತರಜಾಲದ ಪೂರ್ವರೂಪವಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಈ ಕೆಲಸವನ್ನು ಒಂದೇ ಒಂದು ಪಟ್ಟಿ ನಿರ್ವಹಿಸುತ್ತಿತ್ತು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರವು ಆ ಪಟ್ಟಿಯನ್ನು ಕಾಪಾಡುತ್ತಿತ್ತು. ಹೊಸ ಯಂತ್ರ ಬಂದಾಗ ಕೇಂದ್ರಕ್ಕೆ ತಿಳಿಸಬೇಕು. ಉಳಿದವರು ಪಟ್ಟಿಯ ಪ್ರತಿಯನ್ನು ಆಗಾಗ ತರಿಸಿಕೊಳ್ಳಬೇಕು. ಜಾಲ ಬೆಳೆದಂತೆ ಈ ಪದ್ಧತಿ ಕುಸಿಯತೊಡಗಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ‘ಡೊಮೇನ್ ನೇಮ್ ಸಿಸ್ಟಮ್’, ಅಂದರೆ ಡಿಎನ್‌ಎಸ್ ಎಂಬ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು. ಅದರ ಪರಿಷ್ಕೃತ ನಿಯಮಗಳು 1987ರಲ್ಲಿ ಪ್ರಕಟವಾದವು. ಒಬ್ಬರೇ ಎಲ್ಲವನ್ನೂ ನೆನಪಿಡುವ ಬದಲು, ತಮ್ಮ ತಮ್ಮ ವಲಯದ ಹೆಸರುಗಳನ್ನು ಅವರವರೇ ನೋಡಿಕೊಳ್ಳಬೇಕು, ಕೇಳಿದವರಿಗೆ ಉತ್ತರ ಕೊಡಬೇಕು ಎಂಬುದು ಇದರ ತಿರುಳು. ಪ್ರತಿ ಉತ್ತರದ ಜೊತೆಗೆ ಅದನ್ನು ಎಷ್ಟು ಸೆಕೆಂಡುಗಳ ಕಾಲ ನೆನಪಿನಲ್ಲಿಟ್ಟುಕೊಳ್ಳಬಹುದು ಎಂಬ ಅವಧಿಯೂ ಬರುತ್ತದೆ. ಈ ಅವಧಿಯ ಕಲ್ಪನೆಯನ್ನು ಗಮನದಲ್ಲಿಟ್ಟುಕೊಳ್ಳದೆ ಮುಂದಿನ ವಿವೇಚನೆ ಅರ್ಥವಾಗದು.

ಕಚೇರಿಗಳ ಒಳಜಾಲದಲ್ಲಿ ಬಹುಕಾಲ ನೆಟ್‌ಬಯಾಸ್ ಎಂಬ ಬೇರೊಂದು ಹೆಸರಿನ ಪದ್ಧತಿ ಬಳಕೆಯಲ್ಲಿತ್ತು. ಅಲ್ಲಿ ಹೆಸರು 15 ಅಕ್ಷರಗಳನ್ನು ಮೀರುವಂತಿರಲಿಲ್ಲ. ಒಂದು ಯಂತ್ರವು ‘ಈ ಹೆಸರಿನವರು ಯಾರು?’ ಎಂದು ಜಾಲದಲ್ಲೆಲ್ಲ ಕೂಗಿ ಕೇಳುತ್ತಿತ್ತು. 2000ರಲ್ಲಿ ವಿಂಡೋಸ್ 2000 ಸರ್ವರ್ ಜೊತೆಗೆ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಕಚೇರಿಯ ಒಳಜಾಲವೂ ಡಿಎನ್‌ಎಸ್ ಮೇಲೆ ಅವಲಂಬಿತವಾಯಿತು. ಅಂದಿನಿಂದ ಕಡತ ತೆರೆಯುವುದಷ್ಟೇ ಅಲ್ಲ, ನೌಕರನು ಬೆಳಿಗ್ಗೆ ತನ್ನ ಗುಪ್ತಪದ ಕೊಟ್ಟು ಒಳಬರುವುದೂ ನಾಮಶೋಧನೆಯನ್ನೇ ನೆಚ್ಚಿಕೊಂಡಿದೆ.

ತೊಂದರೆಯ ಸ್ವರೂಪ

ವಿವರಣೆಯ ಅನುಕೂಲಕ್ಕಾಗಿ ಒಂದು ಸಂಗ್ರಹಾಲಯದ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ ಮೂವತ್ತು ಗಣಕಗಳಿಗೆ ಒಂದೇ ಸರ್ವರ್ ಇದ್ದು, ಕಡತಗಳ ಸಂಗ್ರಹ, ನೌಕರರ ಗುರುತಿನ ಪರಿಶೀಲನೆ, ಡಿಎನ್‌ಎಸ್ ಸೇವೆ, ಪ್ರತಿ ಗಣಕಕ್ಕೂ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಇವೆಲ್ಲವನ್ನೂ ಅದೇ ನಿರ್ವಹಿಸುತ್ತಿತ್ತು. ಅದರ ವಿಳಾಸ 192.168.1.10. ಭಾನುವಾರ ಅದರ ಜಾಗದಲ್ಲಿ 192.168.1.20 ಎಂಬ ವಿಳಾಸದ ಹೊಸ ಸರ್ವರ್ ಕೂರಿಸಿ ಕಡತಗಳನ್ನೆಲ್ಲ ಅದಕ್ಕೆ ನಕಲು ಮಾಡಲಾಗಿದೆ.

ಸೋಮವಾರ ಬರುವ ದೂರುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರಿಗೆ ಎಲ್ಲವೂ ಸರಿಯಾಗಿದೆ. ಪಕ್ಕದ ಮೇಜಿನವರಿಗೆ ಒಳಬರಲು ಹತ್ತು ನಿಮಿಷ ಬೇಕು. ಇನ್ನೊಬ್ಬರಿಗೆ ಅಂತರಜಾಲ ಸಿಗುತ್ತದೆ, ಕಚೇರಿಯ ಕಡತ ಸಿಗುವುದಿಲ್ಲ. ಮತ್ತೊಬ್ಬರಿಗೆ ಕಡತ ಸಿಗುತ್ತದೆ, ಅಂತರಜಾಲವಿಲ್ಲ. ಒಂದು ಗಣಕದಲ್ಲಿ ಕಡತ ಒಮ್ಮೆ ತೆರೆದು ಮರುಕ್ಷಣ ನಿರಾಕರಿಸುತ್ತದೆ. ಹೊರನೋಟಕ್ಕೆ ಇವು ಹಲವು ರೋಗಗಳಂತೆ ತೋರಿದರೂ ಇವುಗಳ ಮೂಲ ಸಾಮಾನ್ಯವಾಗಿ ಒಂದೇ: ಯಾರು ಯಾರನ್ನು ಕೇಳುತ್ತಿದ್ದಾರೆ, ಕೇಳಲ್ಪಟ್ಟವರ ನೆನಪು ಎಷ್ಟು ಹಳೆಯದು ಎಂಬುದು. ಆದ್ದರಿಂದ ದೋಷಶೋಧನೆಯೆಂದರೆ ನೆನಪಿನ ಒಡೆಯರನ್ನು ಸರದಿಯಂತೆ ವಿಚಾರಿಸುವ ಕೆಲಸವೇ ಆಗಿದೆ.

ವಿಚಾರಣೆಯ ಕ್ರಮ

ಒಂದು: ದೋಷ ಹೆಸರಿನದೋ ದಾರಿಯದೋ? ಪಿಂಗ್ ಎಂಬ ಆದೇಶದಿಂದ ಹೊಸ ಸರ್ವರನ್ನು ಮೊದಲು ವಿಳಾಸದ ಮೂಲಕ, ಅನಂತರ ಹೆಸರಿನ ಮೂಲಕ ಕರೆದು ನೋಡಬೇಕು. ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ನಾಮಶೋಧನೆಯದು. ಎರಡಕ್ಕೂ ಬಾರದಿದ್ದರೆ ತಂತಿ, ಸ್ವಿಚ್ ಅಥವಾ ಫೈರ್‌ವಾಲ್ ಕಡೆಗೆ ನೋಡಬೇಕು. ಫೈರ್‌ವಾಲ್ ಪಿಂಗ್ ಕರೆಯನ್ನಷ್ಟೇ ತಡೆದು ಉಳಿದುದನ್ನು ಬಿಡುವುದುಂಟು. ಆದಕಾರಣ ಉತ್ತರ ಬಾರದಿರುವುದನ್ನೇ ಕೊನೆಯ ಸಾಕ್ಷ್ಯವೆಂದು ಭಾವಿಸಬಾರದು. ಹೆಸರು ಯಾವ ವಿಳಾಸಕ್ಕೆ ತಿರುಗಿತು ಎಂಬುದು ಪರದೆಯ ಮೇಲಿನ ಮೊದಲ ಸಾಲಿನಲ್ಲೇ ಕಾಣುತ್ತದೆ. ಅಲ್ಲಿ 192.168.1.10 ಎಂದಿದ್ದರೆ ಯಾವುದೋ ಹಳೆಯ ನೆನಪು ಮಾತನಾಡುತ್ತಿದೆ ಎಂದರ್ಥ.

ಎರಡು: ಗಣಕ ಯಾರನ್ನು ಕೇಳುತ್ತಿದೆ? ಐಪಿಕಾನ್ಫಿಗ್ ಆದೇಶಕ್ಕೆ ‘ಆಲ್’ ಎಂಬ ಪದ ಸೇರಿಸಿ ಕೊಟ್ಟರೆ ಆ ಗಣಕ ನಂಬಿರುವ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ದೊರೆಯುತ್ತದೆ. ಇಲ್ಲಿ ಹಳೆಯ ವಿಳಾಸ ಉಳಿದಿರುವುದು ಅತಿ ಸಾಮಾನ್ಯವಾದ ದೋಷ. ಈ ವಿಳಾಸವನ್ನು ಡಿಎಚ್‌ಸಿಪಿ ಸೇವೆಯು ಗೇಣಿಯ ರೂಪದಲ್ಲಿ ಕೊಟ್ಟಿರುತ್ತದೆ. ವಿಂಡೋಸ್ ಸರ್ವರಿನಲ್ಲಿ ಬೇರೆ ಸೂಚನೆ ಕೊಡದಿದ್ದರೆ ಗೇಣಿಯ ಅವಧಿ 8 ದಿನ. ಅರ್ಧ ಅವಧಿ ಕಳೆದಾಗ, ಅಂದರೆ 4ನೆಯ ದಿನ, ಗಣಕವು ಗೇಣಿಯನ್ನು ನವೀಕರಿಸಿಕೊಳ್ಳಲು ಹೊರಡುತ್ತದೆ. ಶನಿವಾರ ನವೀಕರಿಸಿಕೊಂಡ ಗಣಕವನ್ನು ಆರಿಸದೆ ಬಿಟ್ಟಿದ್ದರೆ ಅದು ಬುಧವಾರದವರೆಗೂ ಹಳೆಯ ಸರ್ವರನ್ನೇ ಕೇಳುತ್ತಿರಬಹುದು. ಸೋಮವಾರ ಹೊತ್ತಿಸಿದ ಗಣಕವಾದರೋ ಅಂದೇ ಡಿಎಚ್‌ಸಿಪಿಯನ್ನು ಮಾತನಾಡಿಸಿ ಹೊಸ ಮಾಹಿತಿ ಪಡೆದಿರುತ್ತದೆ. ಪಕ್ಕಪಕ್ಕದ ಮೇಜುಗಳ ನಡುವಿನ ವ್ಯತ್ಯಾಸಕ್ಕೆ ಇದೇ ಕಾರಣ. ಕೈಯಾರೆ ವಿಳಾಸ ಬರೆದ ಮುದ್ರಣಯಂತ್ರ, ಸ್ಕ್ಯಾನರ್, ಹಾಜರಾತಿ ಯಂತ್ರಗಳಿಗೆ ಗೇಣಿಯೂ ಇಲ್ಲ, ನವೀಕರಣವೂ ಇಲ್ಲ. ಅವುಗಳನ್ನು ಒಂದೊಂದಾಗಿಯೇ ತಿದ್ದಬೇಕು.

ಇದೇ ಹಂತದಲ್ಲಿ ಮತ್ತೊಂದು ತಪ್ಪು ಕಂಡುಬರುತ್ತದೆ. ‘ಒಂದು ಕೆಟ್ಟರೆ ಇನ್ನೊಂದಿರಲಿ’ ಎಂದು ಪ್ರತಿ ಗಣಕದಲ್ಲೂ ಎರಡನೆಯ ಡಿಎನ್‌ಎಸ್ ಆಗಿ ಅಂತರಜಾಲ ಸೇವಾದಾರರ ಸಾರ್ವಜನಿಕ ವಿಳಾಸವನ್ನು ಬರೆದಿರುತ್ತಾರೆ. ಹೊರಗಿನ ಆ ಸರ್ವರಿಗೆ ಕಚೇರಿಯ ಒಳಹೆಸರುಗಳು ತಿಳಿದಿರುವುದಿಲ್ಲ. ಅದು ‘ಅಂತಹ ಹೆಸರೇ ಇಲ್ಲ’ ಎಂದು ಉತ್ತರಿಸುತ್ತದೆ. ‘ಇಲ್ಲ’ ಎಂಬುದೂ ಒಂದು ಉತ್ತರವಾದ್ದರಿಂದ ಗಣಕ ಅಲ್ಲಿಗೇ ತೃಪ್ತಿಪಡುತ್ತದೆ, ಮತ್ತೊಬ್ಬರನ್ನು ಕೇಳುವುದಿಲ್ಲ. ಅಂತರಜಾಲ ಸಿಕ್ಕು ಕಡತ ಸಿಗದಿರುವ ದೂರಿನ ಗುಟ್ಟು ಅನೇಕ ವೇಳೆ ಇಲ್ಲಿರುತ್ತದೆ. ಒಳಜಾಲದ ಗಣಕಗಳು ಒಳಗಿನ ಡಿಎನ್‌ಎಸ್ ಸರ್ವರ್‌ಗಳನ್ನಷ್ಟೇ ಕೇಳುವಂತಿರಬೇಕು.

ಮೂರು: ಸರ್ವರಿನ ಉತ್ತರವೇನು, ಗಣಕದ ಸ್ವಂತ ನೆನಪೇನು? ಎನ್‌ಎಸ್‌ಲುಕಪ್ ಎಂಬ ಸಾಧನವು ಗಣಕದ ತಾತ್ಕಾಲಿಕ ನೆನಪನ್ನಾಗಲಿ ‘ಹೋಸ್ಟ್ಸ್’ ಎಂಬ ಸ್ಥಳೀಯ ಪಟ್ಟಿಯನ್ನಾಗಲಿ ನೋಡದೆ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಅದಕ್ಕೆ ಸರಿಯಾದ ಉತ್ತರ ಬಂದು ಪಿಂಗ್ ಮಾತ್ರ ತಪ್ಪು ವಿಳಾಸ ತೋರಿಸಿದರೆ ದೋಷ ಗಣಕದೊಳಗೇ ಇದೆ ಎಂದು ತಿಳಿಯಬಹುದು. ಐಪಿಕಾನ್ಫಿಗ್ ಆದೇಶದ ‘ಡಿಸ್ಪ್ಲೇಡಿಎನ್‌ಎಸ್’ ರೂಪ ತಾತ್ಕಾಲಿಕ ನೆನಪನ್ನು ತೋರಿಸುತ್ತದೆ. ‘ಫ್ಲಶ್‌ಡಿಎನ್‌ಎಸ್’ ರೂಪ ಅದನ್ನು ಅಳಿಸುತ್ತದೆ. ಹಿಂದೆ ಸಿಕ್ಕಿದ ‘ಇಲ್ಲ’ ಎಂಬ ಉತ್ತರವೂ ಕೆಲಕಾಲ ನೆನಪಿನಲ್ಲಿರುತ್ತದೆ ಎಂಬುದು ಗಮನಾರ್ಹ. ಅಳಿಸಿದ ಮೇಲೂ ತಪ್ಪು ಉಳಿದರೆ ಹೋಸ್ಟ್ಸ್ ಪಟ್ಟಿಯನ್ನು ತೆರೆದು ನೋಡಬೇಕು. ಹಿಂದೊಮ್ಮೆ ಯಾರೋ ತುರ್ತಿಗೆಂದು ಬರೆದು ಮರೆತ ಒಂದು ಸಾಲು ಅಲ್ಲಿರಬಹುದು. ಆ ಪಟ್ಟಿಗೆ ಅವಧಿಯೆಂಬುದೇ ಇಲ್ಲ. ಅರ್ಪಾನೆಟ್ ಕಾಲದ ಪಟ್ಟಿಯ ವಂಶದ ಕುಡಿಯೊಂದು ಹೀಗೆ ಇಂದಿನ ಗಣಕದಲ್ಲೂ ಬದುಕಿದೆ.

ನಾಲ್ಕು: ಹೊಸ ಸರ್ವರಿನ ದಾಖಲೆಗಳು ಸರಿಯಾಗಿವೆಯೇ? ಹಳೆಯ ವಲಯವನ್ನು ಇದ್ದಂತೆಯೇ ನಕಲು ಮಾಡಿದರೆ ಹಳೆಯ ವಿಳಾಸಗಳೂ ಜೊತೆಗೆ ಬರುತ್ತವೆ. ಕರ್ನಾಟಕದ ಗ್ರಾಮಜೀವನದಲ್ಲಿ ಇದಕ್ಕೊಂದು ಹೋಲಿಕೆಯಿದೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಆದರೆ ‘ಶ್ಯಾನುಭೋಗರ ಮನೆ’ ಎಂಬ ಹೆಸರು ಹಳ್ಳಿಗಳಲ್ಲಿ ಉಳಿಯಿತು. ಆ ಹೆಸರು ಹಿಡಿದು ಹೊರಟವರು ಮನೆಯನ್ನು ತಲುಪಿಯಾರು, ಪಹಣಿ ಮಾತ್ರ ಅಲ್ಲಿ ದೊರೆಯದು. ಡಿಎನ್‌ಎಸ್‌ನಲ್ಲಿ ಉಳಿದ ಹಳೆಯ ದಾಖಲೆ ಮಾಡುವುದೂ ಇದನ್ನೇ. ಒಂದೇ ಹೆಸರಿಗೆ ಹಳೆಯ ಮತ್ತು ಹೊಸ ವಿಳಾಸಗಳೆರಡೂ ಉಳಿದಿದ್ದರೆ ಸರ್ವರ್ ಅವುಗಳ ಸರದಿಯನ್ನು ಬದಲಿಸುತ್ತ ಉತ್ತರಿಸುತ್ತದೆ. ಕಡತ ಒಮ್ಮೆ ತೆರೆದು ಒಮ್ಮೆ ನಿರಾಕರಿಸುವುದು ಇದರಿಂದಲೇ.

ಆಕ್ಟಿವ್ ಡೈರೆಕ್ಟರಿ ಇರುವಲ್ಲಿ ಯಂತ್ರದ ಹೆಸರಿನ ದಾಖಲೆಯೊಂದೇ ಸಾಲದು. ‘ಗುರುತು ಪರಿಶೀಲಿಸುವ ಸೇವೆ ಯಾವ ಯಂತ್ರದಲ್ಲಿದೆ’ ಎಂಬುದನ್ನು ಸಾರುವ ಸೇವಾದಾಖಲೆಗಳೂ ಬೇಕು. ಅವುಗಳನ್ನು ಎಸ್‌ಆರ್‌ವಿ ದಾಖಲೆಗಳೆನ್ನುತ್ತಾರೆ. ಹೊಸ ಸರ್ವರ್ ತಾನೇ ಹೊರಗಿನ ಡಿಎನ್‌ಎಸ್ ವಿಳಾಸವನ್ನು ನಂಬಿ ಕುಳಿತಿದ್ದರೆ ತನ್ನ ಸೇವೆಗಳನ್ನು ಒಳವಲಯದಲ್ಲಿ ನೋಂದಾಯಿಸಿಕೊಳ್ಳಲಾರದು. ನೌಕರರು ಒಳಬರಲು ಬಹಳ ಹೊತ್ತು ಕಾಯಬೇಕಾಗುತ್ತದೆ. ಅದರ ಡಿಎನ್‌ಎಸ್ ವಿಳಾಸವನ್ನು ತಿದ್ದಿ, ನೆಟ್‌ಲಾಗನ್ ಸೇವೆಯನ್ನು ಮರುಪ್ರಾರಂಭಿಸಿದರೆ ಈ ದಾಖಲೆಗಳು ಮತ್ತೆ ಬರೆಯಲ್ಪಡುತ್ತವೆ. ಹಳೆಯ ಸರ್ವರನ್ನು ಅಧಿಕಾರದಿಂದ ವಿಧಿವತ್ತಾಗಿ ಇಳಿಸದೆ ಸುಮ್ಮನೆ ಆರಿಸಿಬಿಟ್ಟಿದ್ದರೆ ಅದರ ಸೇವಾದಾಖಲೆಗಳು ಹಾಗೆಯೇ ಉಳಿಯುತ್ತವೆ. ಅವನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಐದು: ಹೊರಗಿನ ಹೆಸರುಗಳ ಗತಿಯೇನು? ತನಗೆ ತಿಳಿಯದ ಹೆಸರನ್ನು ಒಳಗಿನ ಡಿಎನ್‌ಎಸ್ ಸರ್ವರ್ ಮುಂದಿನವರಿಗೆ ದಾಟಿಸುತ್ತದೆ. ಹೀಗೆ ದಾಟಿಸಬೇಕಾದ ‘ಫಾರ್ವರ್ಡರ್’ ವಿಳಾಸಗಳು ಹಳೆಯ ಸರ್ವರಿನಲ್ಲಿದ್ದು ಹೊಸದಕ್ಕೆ ಬಾರದೆ ಹೋಗಿದ್ದರೆ ಅಥವಾ ಫೈರ್‌ವಾಲಿನಲ್ಲಿ ಹಳೆಯ ಸರ್ವರಿಗೆ ಮಾತ್ರ ಡಿಎನ್‌ಎಸ್‌ನ 53ನೆಯ ದ್ವಾರದ ಅನುಮತಿ ಇದ್ದರೆ, ಒಳಗಿನ ಕಡತ ಸಿಕ್ಕು ಅಂತರಜಾಲ ಸಿಗದಿರುವ ಸ್ಥಿತಿ ಒದಗುತ್ತದೆ. ಆ ದ್ವಾರದಲ್ಲಿ ಯುಡಿಪಿ ಮತ್ತು ಟಿಸಿಪಿ ಎರಡೂ ಬಗೆಯ ಸಂಚಾರಕ್ಕೆ ಅವಕಾಶವಿರಬೇಕು. ದೊಡ್ಡ ಉತ್ತರಗಳಿಗೆ ಎರಡನೆಯದು ಬೇಕಾಗುತ್ತದೆ.

ಆರು: ಹೆಸರು ಸರಿ, ವಿಳಾಸ ಸರಿ, ಆದರೂ ನಿರಾಕರಣೆಯೇಕೆ? ಹಳೆಯ ಸರ್ವರಿನ ಹೆಸರನ್ನು ಹೊಸ ಯಂತ್ರಕ್ಕೆ ಉಪನಾಮವಾಗಿ ಡಿಎನ್‌ಎಸ್‌ನಲ್ಲಿ ಬರೆದರೆ ದಾರಿಯೇನೋ ಸರಿಯಾಗುತ್ತದೆ. ಆದರೆ ಗುರುತು ಪರಿಶೀಲನೆಯ ವ್ಯವಸ್ಥೆಯಲ್ಲಿ ಹೊಸ ಯಂತ್ರಕ್ಕೆ ಆ ಹೆಸರು ನೋಂದಣಿಯಾಗದಿದ್ದರೆ ಬಾಗಿಲಲ್ಲಿ ತಡೆಯಾಗಬಹುದು. ಆದ್ದರಿಂದ ಉಪನಾಮವನ್ನು ಡಿಎನ್‌ಎಸ್‌ನಲ್ಲಿ ಬರೆಯುವುದರ ಜೊತೆಗೆ ಯಂತ್ರಕ್ಕೂ ಪರ್ಯಾಯ ಹೆಸರಾಗಿ ಕೊಡಬೇಕು. ಊರಿನವರು ಕೊಟ್ಟ ಹೆಸರನ್ನು ಹೊತ್ತವನೂ ಒಪ್ಪಿದಾಗಲಷ್ಟೇ ಅದು ಹೆಸರಾಗುತ್ತದೆ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಸೂಚಿಯಲ್ಲಿ ಉಳಿದ ಹಳೆಯ ಹೆಸರು

ಮೇಲಿನ ಆರು ಹಂತಗಳು ಮುಗಿದ ಮೇಲೂ ಸಂಗ್ರಹಾಲಯಗಳಿಗೆ ವಿಶೇಷವಾದ ಒಂದು ಅಪಾಯ ಉಳಿಯುತ್ತದೆ. ಧ್ವನಿಮುದ್ರಣಗಳ ಸೂಚಿಯಲ್ಲಿ ಪ್ರತಿ ನಮೂದಿನ ಎದುರಿಗೂ ಕಡತದ ಪೂರ್ಣ ಹಾದಿಯನ್ನು ಹಳೆಯ ಸರ್ವರಿನ ಹೆಸರಿನೊಂದಿಗೆ ಬರೆದಿರುತ್ತಾರೆ. ಸರ್ವರಿನ ಹೆಸರು ಹೋದೊಡನೆ ಆ ನಮೂದುಗಳೆಲ್ಲ ಒಮ್ಮೆಗೇ ಕುರುಡಾಗುತ್ತವೆ. ಹಾಡು ಹೊಸ ಯಂತ್ರದ ತಟ್ಟೆಯಲ್ಲಿ ಇದ್ದೇ ಇದೆ. ಆದರೆ ಸಂಶೋಧಕನಿಗೆ ಬರುವ ಉತ್ತರ ‘ಲಭ್ಯವಿಲ್ಲ’ ಎಂಬುದು.

ಹಾಡಿದ ಕಲಾವಿದೆ ತೀರಿಕೊಂಡು, ಆ ಪಾಠವನ್ನು ಬಲ್ಲವರು ಬೇರೆ ಯಾರೂ ಉಳಿದಿಲ್ಲದ ಸಂದರ್ಭದಲ್ಲಿ ‘ಲಭ್ಯವಿಲ್ಲ’ ಎಂಬ ಒಂದು ಪದ ಎಷ್ಟು ಭಾರವಾದುದೆಂದು ಕ್ಷೇತ್ರಕಾರ್ಯ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಹೆಸರು ತಪ್ಪಿದುದನ್ನು ವಸ್ತುವೇ ನಾಶವಾಯಿತೆಂದು ತಿಳಿಯುವುದು ಒಂದು ಅಪಾಯ. ಇದಕ್ಕೆ ವಿರುದ್ಧವಾದುದೂ ಉಂಟು: ನಕಲು ಪೂರ್ಣವಾಗಿದೆಯೆಂದು ನಂಬಿ ಹಳೆಯ ಯಂತ್ರವನ್ನು ಗುಜರಿಗೆ ಕಳುಹಿಸಿದ ಮೇಲೆ, ನಿಜವಾಗಿ ನಕಲಾಗದೆ ಉಳಿದ ಕಡತಗಳನ್ನು ‘ಹೆಸರಿನ ತೊಂದರೆ’ ಎಂದುಕೊಂಡು ತಿಂಗಳುಗಟ್ಟಲೆ ಕಾಯುವುದು. ಇವೆರಡನ್ನೂ ಬೇರ್ಪಡಿಸುವ ದಾರಿ ಸರಳವಾದುದು. ಹೊಸ ಸರ್ವರನ್ನು ವಿಳಾಸದ ಮೂಲಕವೇ ತೆರೆದು, ಕಡತಗಳ ಎಣಿಕೆ ಮತ್ತು ಗಾತ್ರವನ್ನು ಹಳೆಯದರೊಂದಿಗೆ ಹೋಲಿಸಬೇಕು. ಕೆಲವನ್ನು ತೆರೆದು ಕೇಳಬೇಕು. ಸೂಚಿಯ ನಮೂದುಗಳೆಲ್ಲ ಹೊಸ ಹಾದಿಯಿಂದ ತೆರೆದುಕೊಳ್ಳುವವರೆಗೆ ಹಳೆಯ ತಟ್ಟೆಯನ್ನು ಅಳಿಸಬಾರದು.

ವೃತ್ತಿ ಜಾನಪದವಾಗಿ ದೋಷಶೋಧನೆ

ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳ ಪರಿಭಾಷೆ ಮತ್ತು ತಂತ್ರಗಳನ್ನು ಕನ್ನಡ ಜಾನಪದ ಅಧ್ಯಯನ ಮೊದಲಿನಿಂದಲೂ ಸಂಗ್ರಹಿಸುತ್ತ ಬಂದಿದೆ. ಹೊಸ ಕಾಲದ ವೃತ್ತಿಗಳಿಗೂ ಈ ದೃಷ್ಟಿಯನ್ನು ವಿಸ್ತರಿಸಬಹುದೆಂಬುದಕ್ಕೆ ಅಮೆರಿಕದ ವಿದ್ವಾಂಸರ ಕೆಲಸ ನಿದರ್ಶನವಾಗಿದೆ. ಅಗ್ನಿಶಾಮಕ ಸಿಬ್ಬಂದಿಯ ನಡುವೆ ಕ್ಷೇತ್ರಕಾರ್ಯ ಮಾಡಿದ ರಾಬರ್ಟ್ ಮೆಕ್‌ಕಾರ್ಲ್ ಅವರು 1978ರ ಲೇಖನದಲ್ಲಿ, ಪ್ರತಿ ವೃತ್ತಿಗುಂಪಿನ ಕೇಂದ್ರದಲ್ಲಿ ಲಿಖಿತ ನಿಯಮಗಳಿಗಿಂತ ಭಿನ್ನವಾದ, ಅನುಕರಣೆ ಮತ್ತು ಮಾತಿನಿಂದ ದಾಟಿಬರುವ ಒಂದು ಕಾರ್ಯತಂತ್ರದ ಸಂಹಿತೆಯಿರುತ್ತದೆ ಎಂದು ಪ್ರತಿಪಾದಿಸಿದರು. ಜೂಲಿಯನ್ ಓರ್ ಅವರು 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜೆರಾಕ್ಸ್ ಯಂತ್ರಗಳನ್ನು ದುರಸ್ತಿ ಮಾಡುವವರು ಕೈಪಿಡಿಗಿಂತ ಹೆಚ್ಚಾಗಿ ತಮ್ಮೊಳಗೆ ಹೇಳಿಕೊಳ್ಳುವ ಅನುಭವಕಥನಗಳ ಮೂಲಕ ದೋಷಗಳನ್ನು ಗುರುತಿಸುತ್ತಾರೆಂಬುದನ್ನು ತೋರಿಸಿದರು.

ಜಾಲ ನಿರ್ವಾಹಕರಲ್ಲಿಯೂ ಇಂತಹ ಸಂಪ್ರದಾಯವಿದೆ. ಕಾರಣ ತಿಳಿಯದ ತೊಂದರೆಯ ಬೇರು ಕೊನೆಗೆ ಡಿಎನ್‌ಎಸ್‌ನಲ್ಲೇ ಸಿಗುತ್ತದೆಂಬ ಮಾತು ಅವರಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ‘ಒಮ್ಮೆ ಆರಿಸಿ ಹೊತ್ತಿಸಿ’ ಎಂಬ ಸಲಹೆಯನ್ನು ನಗೆಯ ಮಾತಾಗಿ ಬಳಸುವುದುಂಟು. ಆದರೆ ಗಣಕವನ್ನು ಮರುಪ್ರಾರಂಭಿಸಿದಾಗ ಅದರ ತಾತ್ಕಾಲಿಕ ನೆನಪು ಅಳಿಯುತ್ತದೆ, ಡಿಎಚ್‌ಸಿಪಿಯೊಂದಿಗೆ ಮಾತುಕತೆ ಹೊಸದಾಗಿ ನಡೆಯುತ್ತದೆ. ಮೇಲಿನ ಎರಡನೆಯ ಮತ್ತು ಮೂರನೆಯ ಹಂತಗಳ ಕೆಲಸವನ್ನು ಆ ಒಂದು ಸಲಹೆ ಹೆಸರು ಹೇಳದೆಯೇ ಮಾಡಿಬಿಡುತ್ತದೆ. ಮನೆಮದ್ದಿನಂತೆ, ಗುಣ ತಿಳಿದು ಬಳಸಿದರೆ ಇದು ಔಷಧ. ತಿಳಿಯದೆ ಬಳಸಿದರೆ ಮೂಲದೋಷ ಮುಚ್ಚಿಹೋಗುತ್ತದೆ. ಸರ್ವರ್‌ಗಳಿಗೆ ನದಿ, ನಕ್ಷತ್ರ, ದೇವತೆಗಳ ಹೆಸರಿಡುವ ರೂಢಿಯೂ ಇದೇ ಸಂಪ್ರದಾಯದ ಭಾಗ. ಗಣಕಕ್ಕೆ ಹೆಸರಿಡುವುದು ಹೇಗೆಂಬುದನ್ನು ಕುರಿತು ಡಾನ್ ಲಿಬ್ಸ್ ಅವರು 1990ರಲ್ಲಿ ಒಂದು ಪ್ರತ್ಯೇಕ ಸೂಚನಾಪತ್ರವನ್ನೇ ಬರೆದರು.

ಮುಂಜಾಗ್ರತೆಯ ಕ್ರಮಗಳು

ಸರ್ವರ್ ಬದಲಿಸುವ ಮೊದಲು ಕೈಗೊಳ್ಳಬಹುದಾದ ಕ್ರಮಗಳು ಕಷ್ಟದವಲ್ಲ. ಡಿಎನ್‌ಎಸ್ ದಾಖಲೆಯ ಅವಧಿ 86,400 ಸೆಕೆಂಡು, ಅಂದರೆ ಒಂದು ದಿನವಿದ್ದರೆ, ಬದಲಾವಣೆಗೆ ಒಂದು ದಿನಕ್ಕೂ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸಬೇಕು. ಆಗ ಹಳೆಯ ನೆನಪು ಐದು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಡಿಎಚ್‌ಸಿಪಿ ಗೇಣಿಯನ್ನೂ ಕೆಲವು ದಿನ ಮುಂಚಿತವಾಗಿ ಕಿರಿದುಗೊಳಿಸಬೇಕು. ಕೈಯಾರೆ ವಿಳಾಸ ಬರೆದ ಉಪಕರಣಗಳ ಪಟ್ಟಿ ಮಾಡಿಟ್ಟುಕೊಳ್ಳಬೇಕು. ಹೊಸ ಸರ್ವರಿಗೆ ಹಳೆಯ ವಿಳಾಸವನ್ನೇ ಕೊಡುವ ದಾರಿಯೂ ಇದೆ. ಆಗ ಹಳೆಯ ಯಂತ್ರವನ್ನು ಜಾಲದಿಂದ ಬೇರ್ಪಡಿಸಿರಬೇಕು, ಇಲ್ಲವಾದರೆ ಒಂದೇ ವಿಳಾಸಕ್ಕೆ ಇಬ್ಬರು ಒಡೆಯರಾಗುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ಯಂತ್ರದ ಹೆಸರನ್ನೂ ಕೆಲಸದ ಹೆಸರನ್ನೂ ಬೇರೆ ಮಾಡುವುದು. ಯಂತ್ರಕ್ಕೆ ಯಾವುದೇ ಹೆಸರಿರಲಿ. ನೌಕರರೂ ಸೂಚಿಯೂ ಬಳಸುವುದು ‘ಕಡತ’, ‘ಧ್ವನಿ’, ‘ಮುದ್ರಣ’ ಎಂಬಂತಹ ಕೆಲಸದ ಉಪನಾಮಗಳಾಗಿರಬೇಕು. ಮುಂದೆ ಯಂತ್ರ ಬದಲಾದಾಗ ಉಪನಾಮವನ್ನು ಹೊಸ ಯಂತ್ರಕ್ಕೆ ವಹಿಸಿದರೆ ಸಾಕು. ಸೂಚಿಯ ಒಂದು ನಮೂದನ್ನೂ ತಿದ್ದಬೇಕಾಗುವುದಿಲ್ಲ.

ಸಮಾರೋಪ

ನಾಮಶೋಧನೆಯ ದೋಷವು ವಸ್ತುವಿನ ನಾಶವಲ್ಲ. ಹೆಸರಿಗೂ ವಸ್ತುವಿಗೂ ನಡುವಿನ ಒಪ್ಪಂದ ಮುರಿದಿರುವ ಸ್ಥಿತಿ. ಗಣಕದ ನೆನಪು, ಗೇಣಿಯ ಪತ್ರ, ಮರೆತ ಪಟ್ಟಿ, ಸರ್ವರಿನ ದಾಖಲೆ, ಸೂಚಿಯ ನಮೂದು ಇವೆಲ್ಲವನ್ನೂ ಕ್ರಮವಾಗಿ ವಿಚಾರಿಸಿದಾಗ ಒಪ್ಪಂದ ಮತ್ತೆ ಕೂಡಿಬರುತ್ತದೆ. ಈ ಕ್ರಮವನ್ನು ಬಲ್ಲವರು ಅನೇಕ ಕಚೇರಿಗಳಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ವರ್ಗವಾಗಿ ಅಥವಾ ನಿವೃತ್ತರಾಗಿ ಹೋದಾಗ ಅವರ ತಿಳಿವಳಿಕೆಯೂ ಹೋಗುತ್ತದೆ. ಹಾಡುಗಾರರ ಪಾಠಗಳನ್ನು ಕಾಪಾಡುವ ಸಂಸ್ಥೆಗಳು, ಆ ಪಾಠಗಳನ್ನು ತಲುಪುವ ದಾರಿ ಬಲ್ಲವರ ಮಾತನ್ನೂ ಬರೆದಿಡುವುದು ಅಗತ್ಯ. ಯಾವ ಹೆಸರು ಯಾವ ವಿಳಾಸಕ್ಕೆ, ಎಂದಿನಿಂದ, ಯಾರು ಬದಲಿಸಿದರು ಎಂಬ ನಾಲ್ಕು ಅಂಕಣಗಳ ಒಂದು ಪುಸ್ತಕವನ್ನು ಸರ್ವರಿನ ಪಕ್ಕದಲ್ಲಿಟ್ಟು ಬರೆಯುತ್ತ ಬಂದರೆ ಮುಂದಿನ ಬದಲಾವಣೆಯ ಹೊತ್ತಿಗೆ ವಿಚಾರಣೆಯ ಅರ್ಧ ಕೆಲಸ ಮುಗಿದಿರುತ್ತದೆ.